ಬೇಡಿ ತಂದ ಚೀಲ, ಕೊಂಡು ತಂದ ಚೀಲ: ದೂರದ ಸೈಕಲ್ ಪಯಣದ ಸಲಕರಣೆಗಳ ವಿಮರ್ಶೆ

ಈ ವಿಮರ್ಶೆಯಲ್ಲಿ ಹೆಸರಿಸಿರುವ ಮೂರು ವಸ್ತುಗಳನ್ನು, ಅಂದರೆ ಆರ್ಟ್‌ಲೀಬ್ ಕಂಪನಿಯ, ಹಿಂದಿನ ಚಕ್ರದ ಎರಡೂ ಬದಿಗೆ ಕ್ಯಾರಿಯರಿನಿಂದ ನೇತುಹಾಕುವ ಬ್ಯಾಕ್-ರೋಲರ್ ಕ್ಲಾಸಿಕ್ ಚೀಲಗಳನ್ನು, ಶ್ವಾಲ್ಬೆ ಕಂಪನಿಯ ಮ್ಯಾರಥಾನ್ ಪ್ಲಸ್ ಟಯರುಗಳನ್ನು ಮತ್ತು ಬ್ರೂಕ್ಸ್ ಕಂಪನಿಯ ಬಿ17 ಚರ್ಮದ ಸೀಟನ್ನು, ನಾನು ಸ್ವಂತ ಸಂಬಳದ ಹಣ ಕೊಟ್ಟು ಕೊಂಡಿದ್ದೇನೆ. ಈ ಕಂಪನಿಗಳಿಗೂ ನನಗೂ ಗಿರಾಕಿಯ ಸಂಬಂಧವನ್ನು ಬಿಟ್ಟು ಬೇರೆ ಯಾವ ಸಂಬಂಧವೂ ಇಲ್ಲ. ಹೆಸರು ಹೇಳದೆ ಬಿಟ್ಟಿರುವ ಇನ್ನೊಂದು ಜೊತೆ ಚೀಲ ಮಾತ್ರ ಪ್ರಾಯೋಜಕರಿಂದ ಉಚಿತವಾಗಿ ಬಂದದ್ದು. ಸಲಕರಣೆಗಳ ವಿಮರ್ಶೆಯನ್ನು ಓದುವವರಿಗೆ ಎಲ್ಲಕ್ಕಿಂತ ಮೊದಲು ಗೊತ್ತಾಗಬೇಕಾದ ಸಂಗತಿ ಇದು ಎಂದು ನಂಬಿರುವುದರಿಂದ ಇದನ್ನೇ ಮೊದಲು ಬರೆದಿದ್ದೇನೆ.

ನಾನು ಹಾಸನ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಮೇಷ್ಟ್ರು. ಹಿಂದಿನ ಎರಡು ದಸರಾ ರಜೆಗಳಲ್ಲಿ ಒಂದೇ ದಾರಿಯನ್ನು ಎರಡು ಸಲ ಸೈಕಲ್ಲಿನಲ್ಲಿ ಸುತ್ತಿದೆ. ಹಾಸನದಿಂದ ಅರಸೀಕೆರೆ, ಚಿತ್ರದುರ್ಗದ ಮೇಲೆ ಹೊಸಪೇಟೆಗೆ ಹೋಗಿ, ಕೊಪ್ಪಳ, ಗದಗ, ಹುಬ್ಬಳ್ಳಿ ದಾಟಿ, ಯಲ್ಲಾಪುರದಿಂದ ಅರಬೈಲು ಘಟ್ಟವನ್ನಿಳಿದು ಅಂಕೋಲಾ ಸೇರಿ, ಕರಾವಳಿಯ ಹೆದ್ದಾರಿಯಲ್ಲಿ ಕುಮಟಾ, ಹೊನ್ನಾವರ, ಭಟ್ಕಳ, ಮರವಂತೆ, ಕುಂದಾಪುರದ ಮಾರ್ಗವಾಗಿ ಉಡುಪಿಗೆ ಬಂದು, ಹೆಬ್ರಿ, ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತಿ, ತೀರ್ಥಹಳ್ಳಿ, ಶಿವಮೊಗ್ಗ, ತರೀಕೆರೆಯ ಮೇಲೆ ಊರಿಗೆ ಮರಳುವ ಈ ಸುತ್ತು ಸುಮಾರು 1,100 ಕಿ.ಮೀ. ಆಗುತ್ತದೆ. ಎರಡೂ ಸಲ ಹದಿನಾಲ್ಕು ದಿನ ಹಿಡಿಯಿತು. ಬಯಲುಸೀಮೆಯ ಜಾಲಿಮುಳ್ಳು, ಗದಗಿನ ಎರೆಮಣ್ಣು, ಕರಾವಳಿಯ ಉಪ್ಪುಗಾಳಿ, ಮಲೆನಾಡಿನಲ್ಲಿ ಮಧ್ಯಾಹ್ನ ಕಳೆದ ಮೇಲೆ ಗುಡುಗಿನೊಂದಿಗೆ ಸುರಿಯುವ ಮಳೆ, ಇವೆಲ್ಲವೂ ಎರಡೇ ವಾರಗಳಲ್ಲಿ ಎದುರಾಗುವುದರಿಂದ ಸಲಕರಣೆಗಳನ್ನು ತೂಗಿ ನೋಡುವುದಕ್ಕೆ ಇದಕ್ಕಿಂತ ಒಳ್ಳೆಯ ದಾರಿಯನ್ನು ನಾನು ಕಾಣೆ. ಎರಡೂ ಸಲ ಸೈಕಲ್ಲು ಒಂದೇ, ಉಕ್ಕಿನ ಚೌಕಟ್ಟಿನದು, ಕ್ಯಾರಿಯರ್ ಒಂದೇ, ಹೊತ್ತ ಸಾಮಾನೂ ಹೆಚ್ಚುಕಡಿಮೆ ಒಂದೇ. ಬದಲಾದದ್ದು ಚೀಲ, ಟಯರು ಮತ್ತು ಸೀಟು.

ಮೊದಲನೆಯ ಪಯಣಕ್ಕೆ ಮುಂಚೆ ನಾನು ಹನ್ನೊಂದು ಕಂಪನಿಗಳಿಗೂ ಅಂಗಡಿಗಳಿಗೂ ಪತ್ರ ಬರೆದಿದ್ದೆ. ನಾಲ್ಕರಿಂದ ಉತ್ತರ ಬಂತು, ಇಬ್ಬರು ಒಪ್ಪಿದರು. ಒಬ್ಬರು ಚೀಲ ತಯಾರಿಸುವವರು. ಇನ್ನೊಬ್ಬರು ನಮ್ಮೂರಿನ ಕಾಫಿಪುಡಿ ಅಂಗಡಿಯ ಮಾಲೀಕರು. ಆಗ ನನಗೆ ಚೀಲದವರ ಒಪ್ಪಿಗೆಯೇ ದೊಡ್ಡದಾಗಿ ಕಂಡಿತ್ತು. ಪಾರ್ಸೆಲ್ ಬಂದ ದಿನ ಅದನ್ನು ಶಾಲೆಗೇ ಕೊಂಡೊಯ್ದು ಮಕ್ಕಳಿಗೆ ತೋರಿಸಿದ್ದೆ. ಚೀಲ ನೋಡುವುದಕ್ಕೆ ಸೊಗಸಾಗಿತ್ತು. ಮುಂದೆ, ಹಿಂದೆ, ಮುಚ್ಚಳದ ಮೇಲೆ ದೊಡ್ಡ ಅಕ್ಷರಗಳಲ್ಲಿ ಕಂಪನಿಯ ಹೆಸರಿತ್ತು, ಹೊರಗಡೆ ಆರು ಜೇಬುಗಳಿದ್ದವು, ಮಳೆಗೆಂದು ಬೇರೆಯೇ ಒಂದು ಹೊದಿಕೆಯೂ ಇತ್ತು.

ಹುಬ್ಬಳ್ಳಿಯವರೆಗೆ ಅದರಿಂದ ಏನೂ ತೊಂದರೆಯಾಗಲಿಲ್ಲ. ಅರಬೈಲು ಘಟ್ಟದ ಇಳಿಜಾರಿನಲ್ಲಿ, ಎದುರಿನಿಂದ ಲಾರಿಗಳ ಸಾಲು ಬರುತ್ತಿದ್ದಾಗ, ಹೊಂಡಕ್ಕೆ ಇಳಿದ ಹಿಂದಿನ ಚಕ್ರ ಮೇಲೆದ್ದ ಹೊಡೆತಕ್ಕೆ ಬಲಗಡೆಯ ಚೀಲದ ಪ್ಲಾಸ್ಟಿಕ್ ಕೊಕ್ಕೆ ಮುರಿದು, ಚೀಲ ಒಂದೇ ಕೊಕ್ಕೆಯಿಂದ ನೇತಾಡುತ್ತ ಚಕ್ರದ ಕಡ್ಡಿಗಳಿಗೆ ತಗುಲತೊಡಗಿತು. ಬ್ರೇಕು ಹಿಡಿದು ಅಂಚಿಗೆ ನಿಲ್ಲಿಸುವಷ್ಟು ಸಮಯ ಸಿಕ್ಕಿದ್ದು ನನ್ನ ಪುಣ್ಯ. ಚೀಲ ಒಂದು ವೇಳೆ ಕಡ್ಡಿಗಳ ನಡುವೆ ಸಿಕ್ಕಿಕೊಂಡು ಚಕ್ರ ಬಿಗಿಹಿಡಿದಿದ್ದರೆ ನಾನು ಲಾರಿಯ ಕಡೆಗೇ ಬೀಳುತ್ತಿದ್ದೆ. ಹಳೆಯ ಟ್ಯೂಬಿನಿಂದ ಸೀಳಿಟ್ಟುಕೊಂಡಿದ್ದ ರಬ್ಬರ್ ಪಟ್ಟಿಯಿಂದ ಚೀಲವನ್ನು ಕ್ಯಾರಿಯರಿಗೆ ಬಿಗಿದು ಅಂಕೋಲಾ ಮುಟ್ಟಿದೆ. ಆಗುಂಬೆಯ ಹದಿನಾಲ್ಕು ತಿರುವುಗಳನ್ನು ಹತ್ತುತ್ತಿದ್ದಾಗ ಬಂದ ಮಳೆಗೆ ಹೊದಿಕೆ ಗಾಳಿಯಲ್ಲಿ ಹಾರಿಹೋಯಿತು, ಹೊಲಿಗೆಯ ಮೂಲಕ ನೀರು ಒಳಗಿಳಿಯಿತು. ಆ ರಾತ್ರಿ ಒಣಬಟ್ಟೆಯೆಂದು ಉಳಿದದ್ದು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟಿದ್ದ ಒಂದು ಪಂಚೆ ಮಾತ್ರ.

ಚೀಲ ಕೆಟ್ಟಿತೆಂಬುದಕ್ಕಿಂತ ಹೆಚ್ಚಾಗಿ ನನ್ನನ್ನು ನೋಯಿಸಿದ್ದು ಆಮೇಲೆ ನಡೆದದ್ದು. ಚೀಲ ಪಡೆಯುವಾಗ ನಾನು ಸಹಿ ಹಾಕಿದ್ದ ಎರಡು ಪುಟದ ಕರಾರಿನಲ್ಲಿ, ಆರು ತಿಂಗಳವರೆಗೆ ವಸ್ತುವಿನ ಕೊರತೆಗಳ ಬಗ್ಗೆ ಬಹಿರಂಗವಾಗಿ ಬರೆಯಬಾರದು ಎಂಬ ಮಾತಿತ್ತು. ನಾನು ಪ್ರಕಟಿಸಬೇಕಾದ ಚೀಲದ ಚಿತ್ರಗಳ ಸಂಖ್ಯೆ, ಅವುಗಳಲ್ಲಿ ಕಾಣಬೇಕಾದ ಕಂಪನಿಯ ಹೆಸರಿನ ಗಾತ್ರ ಇವನ್ನೆಲ್ಲ ಗಮನವಿಟ್ಟು ಓದಿದ್ದ ನಾನು ಆ ಒಂದು ಸಾಲಿನ ಅರ್ಥವನ್ನು ಯೋಚಿಸಿರಲಿಲ್ಲ. ಆ ಆರು ತಿಂಗಳಲ್ಲಿ ನನ್ನ ಚಿತ್ರಗಳನ್ನು ನೋಡಿದ ಇಬ್ಬರು ಅದೇ ಚೀಲವನ್ನು ಕೊಂಡರು. ಅವರಿಗೆ ಖುದ್ದಾಗಿ ಫೋನು ಮಾಡಿ ಕೊಕ್ಕೆಯ ವಿಷಯ ತಿಳಿಸಿದೆ. ಆದರೆ ನನಗೆ ಗೊತ್ತಾಗದೆ ಕೊಂಡವರು ಇನ್ನೆಷ್ಟು ಮಂದಿಯೋ. ಪ್ರಾಯೋಜಕರನ್ನು ಹುಡುಕುವವರಿಗೆ ನನ್ನ ಮೊದಲನೆಯ ಮನವಿ ಇದು: ಕೊರತೆಯನ್ನು ಹೇಳುವ ಹಕ್ಕನ್ನು ಕರಾರಿನಲ್ಲಿ ಬರೆಸಿಕೊಳ್ಳಿ. ಅದಕ್ಕೆ ಒಪ್ಪದವರ ವಸ್ತು ಎಷ್ಟೇ ಬೆಲೆಬಾಳಲಿ, ಬೇಡವೆನ್ನಿ.

ಓದುಗರಿಂದ ಏನನ್ನೂ ಮುಚ್ಚಿಡಬಾರದೆಂಬ ಕಡೆಗೇ ಈಗ ನಿಯಮಗಳೂ ಇವೆ. ಭಾರತದ ಜಾಹೀರಾತು ಮಾನದಂಡ ಮಂಡಳಿ 2021ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಹಣವಿರಲಿ, ಉಚಿತ ವಸ್ತುವಿರಲಿ, ಪಡೆದು ಬರೆಯುವವರು ಆ ಸಂಬಂಧವನ್ನು ಓದುಗರಿಗೆ ಎದ್ದು ಕಾಣುವಂತೆ ತಿಳಿಸಬೇಕು. ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯೂ 2023ರಲ್ಲಿ ಇದನ್ನೇ ಹೇಳಿತು. ತೆರಿಗೆಯ ವಿಷಯವೂ ಉಂಟು. 2022ರ ಜುಲೈ 1ರಿಂದ ಜಾರಿಗೆ ಬಂದ, ಆಗ ಆದಾಯ ತೆರಿಗೆ ಕಾಯ್ದೆಯ 194ಆರ್ ಕಲಮು ಎಂದು ಹೆಸರಾದ ನಿಯಮದ ಪ್ರಕಾರ, ವ್ಯವಹಾರ ಅಥವಾ ವೃತ್ತಿಯ ಸಂಬಂಧವಾಗಿ ಒಬ್ಬರಿಂದ ಒಂದು ಆರ್ಥಿಕ ವರ್ಷದಲ್ಲಿ 20,000 ರೂಪಾಯಿಗಿಂತ ಹೆಚ್ಚು ಮೌಲ್ಯದ ವಸ್ತು ಬಂದರೆ ಅದಕ್ಕೆ ಶೇ. 10ರಷ್ಟು ತೆರಿಗೆ ಮೂಲದಲ್ಲೇ ಕಡಿತವಾಗಬೇಕು. ಬಳಸಿ ಹಿಂದಿರುಗಿಸಿದ ವಸ್ತುವನ್ನು ಹೀಗೆ ಲೆಕ್ಕಕ್ಕೆ ಹಿಡಿಯುವುದಿಲ್ಲವೆಂದು ತೆರಿಗೆ ಮಂಡಳಿ ಸ್ಪಷ್ಟಪಡಿಸಿದೆ. ಸೈಕಲ್ಲನ್ನೇ ಪ್ರಾಯೋಜಕರಿಂದ ಪಡೆಯುವವರು ಇದನ್ನು ನೆನಪಿಡಬೇಕು. ಹೊರದೇಶದ ಕಂಪನಿ ಪಾರ್ಸೆಲ್ ಕಳಿಸಿದರೆ, ನೀವು ಹಣ ಕೊಡದಿದ್ದರೂ ಸುಂಕದವರು ವಸ್ತುವಿನ ಮೌಲ್ಯದ ಮೇಲೆಯೇ ಸುಂಕ ಹಾಕುತ್ತಾರೆ. ಉಚಿತವೆಂದು ಬಂದದ್ದಕ್ಕೆ ಸಾವಿರಾರು ರೂಪಾಯಿ ತೆತ್ತು ಬಿಡಿಸಿಕೊಳ್ಳುವ ಸಂದರ್ಭ ಬರಬಹುದು. ಆ ಸುಂಕವನ್ನು ಯಾರು ಕಟ್ಟಬೇಕೆಂಬುದನ್ನು ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು.

ಎರಡನೆಯ ವರ್ಷ ನಾನು ಯಾವ ಸಲಕರಣೆ ಕಂಪನಿಗೂ ಬರೆಯಲಿಲ್ಲ. ಹತ್ತು ತಿಂಗಳು ಹಣ ಕೂಡಿಟ್ಟು ಆರ್ಟ್‌ಲೀಬ್ ಚೀಲಗಳನ್ನು ಕೊಂಡೆ. ಈ ಜರ್ಮನ್ ಕಂಪನಿಯನ್ನು ಹಾರ್ಟ್‌ಮುಟ್ ಆರ್ಟ್‌ಲೀಬ್ 1982ರಲ್ಲಿ ಶುರುಮಾಡಿದರು. ಮಳೆಯಲ್ಲಿ ನೆನೆದ ಚೀಲಗಳಿಂದ ಬೇಸತ್ತು, ಲಾರಿಗೆ ಹೊದಿಸುವ ಟಾರ್ಪಾಲಿನಂಥ ಬಟ್ಟೆಯಿಂದ ಚೀಲ ಮಾಡಿದರೆ ಹೇಗೆಂದು ಅವರಿಗೆ ಹೊಳೆದದ್ದೇ ಇದರ ಮೂಲ. ಚೀಲವನ್ನು ಮೊದಲ ಸಲ ಕೈಯಲ್ಲಿ ಹಿಡಿದಾಗ ನನಗೂ ಅರಸೀಕೆರೆಯ ಎಪಿಎಂಸಿ ಅಂಗಳದಲ್ಲಿ ಕೊಬ್ಬರಿ ಲಾರಿಗಳಿಗೆ ಬಿಗಿಯುವ ಟಾರ್ಪಾಲೇ ನೆನಪಾಯಿತು. ಪಾಲಿಯೆಸ್ಟರ್ ಬಟ್ಟೆಗೆ ಪಿವಿಸಿ ಲೇಪಿಸಿದ್ದಾರೆ; ಅಂಚುಗಳನ್ನು ಸೂಜಿದಾರದಿಂದ ಹೊಲಿಯದೆ ಶಾಖದಿಂದ ಬೆಸೆದಿದ್ದಾರೆ. ಸೂಜಿಯ ತೂತೇ ಇಲ್ಲವಾದ್ದರಿಂದ ನೀರಿಗೆ ದಾರಿಯಿಲ್ಲ. ಬಾಯಿಯನ್ನು ಮೂರು ಸುತ್ತು ಕೆಳಕ್ಕೆ ಸುರುಳಿ ಸುತ್ತಿ ಪಟ್ಟಿಯಿಂದ ಬಿಗಿಯಬೇಕು. ಎರಡೂ ಸೇರಿ 40 ಲೀಟರ್ ಹಿಡಿಯುತ್ತವೆ, ಖಾಲಿ ಜೊತೆಯ ತೂಕ ಎರಡು ಕಿಲೋಗೆ ಸ್ವಲ್ಪ ಕಡಿಮೆ.

ನನಗೆ ಹೆಚ್ಚು ಮೆಚ್ಚುಗೆಯಾದದ್ದು ಕೊಕ್ಕೆ. ಮೇಲಿನ ಹಿಡಿಕೆಯನ್ನು ಎತ್ತಿದರೆ ಕೊಕ್ಕೆಗಳ ಬಾಯಿ ತೆರೆಯುತ್ತದೆ, ಕ್ಯಾರಿಯರಿನ ಕಂಬಿಯ ಮೇಲಿಟ್ಟು ಹಿಡಿಕೆ ಬಿಟ್ಟರೆ ತಾನಾಗಿ ಮುಚ್ಚಿಕೊಂಡು ಬಿಗಿಯುತ್ತದೆ. ಹಿಡಿಕೆಯನ್ನು ಮತ್ತೆ ಎತ್ತುವವರೆಗೆ ಬಾಯಿ ತೆರೆಯದಿರುವುದರಿಂದ ಹೊಂಡದಲ್ಲಿ ಎಗರಿದರೂ ಕಳಚುವುದಿಲ್ಲ. ಕೆಳಗಡೆ ಇನ್ನೊಂದು ಕೊಕ್ಕೆ ಚೀಲ ಹೊರಕ್ಕೆ ಬೀಸದಂತೆ ತಡೆಯುತ್ತದೆ. 16 ಮಿ.ಮೀ. ದಪ್ಪದವರೆಗಿನ ಕಂಬಿಗೆ ಇದು ಕೂರುತ್ತದೆ. ಸಣ್ಣ ಕಂಬಿಯಾದರೆ ಜೊತೆಗೆ ಕೊಡುವ ಪ್ಲಾಸ್ಟಿಕ್ ತುಂಡುಗಳನ್ನು ಒಳಗೆ ಸಿಕ್ಕಿಸಬೇಕು. ಈ ತುಂಡುಗಳನ್ನು ಸಿಕ್ಕಿಸದೆ ಹೊರಟವರ ಚೀಲ ದಾರಿಯುದ್ದಕ್ಕೂ ಲಟಲಟ ಎನ್ನುತ್ತಿರುತ್ತದೆ, ಕಂಬಿಯ ಬಣ್ಣವೂ ಉಜ್ಜಿಹೋಗುತ್ತದೆ. ಕೊಕ್ಕೆ, ಪಟ್ಟಿ, ತಿರುಪು ಎಲ್ಲವೂ ಬಿಡಿಭಾಗಗಳಾಗಿ ಸಿಗುತ್ತವೆಂಬುದು ಚೀಲದ ಆಯುಷ್ಯವನ್ನು ಹೆಚ್ಚಿಸುವ ಗುಣ. ಅರಬೈಲಿನ ಅದೇ ಇಳಿಜಾರಿನಲ್ಲಿ ಈ ಸಲ ನಾನು ಬೇಕೆಂದೇ ಎರಡು ಕಡೆ ನಿಲ್ಲಿಸಿ ಕೊಕ್ಕೆಗಳನ್ನು ಮುಟ್ಟಿ ನೋಡಿದೆ. ಎರಡೂ ಸಲ ಕೂಡಿಸಿದಲ್ಲೇ ಕೂತಿದ್ದವು. ಆಗುಂಬೆಯಲ್ಲಿ ಮತ್ತೆ ಮಳೆ ಬಂತು. ತಂಗಿದ ಮನೆಯಲ್ಲಿ ಚೀಲ ತೆರೆದಾಗ ಮೇಲಿಟ್ಟಿದ್ದ ದಿನಚರಿಯ ಪುಸ್ತಕ ಗರಿಗರಿಯಾಗಿಯೇ ಇತ್ತು.

ಈ ಚೀಲದ ರಕ್ಷಣೆಯ ದರ್ಜೆ ಐಪಿ64. ಇದರಲ್ಲಿ 6 ಎಂದರೆ ಧೂಳು ಒಳಗೆ ಹೋಗದು, 4 ಎಂದರೆ ಎಲ್ಲ ಕಡೆಯಿಂದ ಸಿಡಿಯುವ ನೀರನ್ನು ತಡೆಯುತ್ತದೆ. ಮುಳುಗಿದರೂ ನೀರು ಹೋಗದು ಎಂದು ಅದರರ್ಥವಲ್ಲ. ಹಳ್ಳ ದಾಟುವಾಗ ಚೀಲವನ್ನು ಕಳಚಿ ತಲೆಯ ಮೇಲೆ ಹೊರುವುದೇ ಸರಿ. ಹೊರಗೆ ಜೇಬುಗಳಿಲ್ಲದಿರುವುದು ಮೊದಲ ಮೂರು ದಿನ ನನಗೆ ಕಷ್ಟವೆನಿಸಿತು. ಪಂಕ್ಚರ್ ಸಾಮಾನು ಬೇಕೆಂದರೆ ಸುರುಳಿ ಬಿಚ್ಚಿ, ಬಟ್ಟೆಗಳ ಕೆಳಗೆ ಕೈಹಾಕಿ ತಡಕಾಡಬೇಕು. ಗಾಳಿಯಾಡದ ಚೀಲವಾದ್ದರಿಂದ ಒದ್ದೆ ಬಟ್ಟೆ ಹಾಕಿದರೆ ಸಂಜೆಯೊಳಗೆ ಮುಗ್ಗಲು ವಾಸನೆ ಹಿಡಿಯುತ್ತದೆ. ಕರಾವಳಿಯ ಸೆಕೆಯಲ್ಲಿ ಇದು ಇನ್ನೂ ಬೇಗ. ಒದ್ದೆಯದನ್ನು ಕ್ಯಾರಿಯರಿನ ಮೇಲೆ ಹೊರಗೇ ಕಟ್ಟುವ ಅಭ್ಯಾಸ ಮಾಡಿಕೊಂಡೆ. ಇನ್ನು ಬೆಲೆ: ಈ ಒಂದು ಜೊತೆ ಚೀಲಕ್ಕೆ ಕೊಡುವ ಹಣದಲ್ಲಿ ನಮ್ಮೂರಿನ ಅಂಗಡಿಯಲ್ಲಿ ಸಾಮಾನ್ಯ ಸೈಕಲ್ಲೊಂದು ಬಂದು ಇನ್ನೂ ಚಿಲ್ಲರೆ ಉಳಿಯುತ್ತದೆ. ವರ್ಷಕ್ಕೊಮ್ಮೆ ನಾಲ್ಕು ದಿನ ಹೋಗುವವರಿಗೆ ಇದು ಬೇಕೆಂದು ನಾನು ಹೇಳಲಾರೆ. ರಸಗೊಬ್ಬರದ ಚೀಲದೊಳಗಿನ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ತೊಳೆದು ಸಾಮಾನ್ಯ ಚೀಲದೊಳಗೆ ಹಾಕಿಕೊಂಡರೆ ಅಷ್ಟಕ್ಕೆ ಸಾಕು.

ಮ್ಯಾರಥಾನ್ ಪ್ಲಸ್ ಟಯರಿನ ಬಗ್ಗೆ ನನಗೆ ಎರಡು ಅಭಿಪ್ರಾಯಗಳಿವೆ, ಎರಡನ್ನೂ ಹೇಳಬೇಕು. ನೆಲಕ್ಕೆ ತಾಗುವ ಪದರದ ಕೆಳಗೆ 5 ಮಿ.ಮೀ. ದಪ್ಪದ ಮೆತ್ತನೆಯ ರಬ್ಬರಿನ ಪದರವಿದೆ; ಮುಳ್ಳು ಒಳಹೊಕ್ಕರೂ ಟ್ಯೂಬನ್ನು ಮುಟ್ಟುವ ಮೊದಲೇ ಅದರ ಉದ್ದ ಮುಗಿದುಹೋಗುತ್ತದೆ. ಹೊಸಪೇಟೆಯಿಂದ ಗದಗದವರೆಗಿನ ರಸ್ತೆಯ ಅಂಚಿನಲ್ಲಿ ಬಳ್ಳಾರಿ ಜಾಲಿಯ ಪೊದೆಗಳನ್ನು ಕಡಿದು ಹಾಕಿರುತ್ತಾರೆ, ಒಣಗಿದ ಮುಳ್ಳು ಡಾಂಬರಿನ ಮೇಲೆ ಹರಡಿರುತ್ತದೆ. ಮೊದಲ ವರ್ಷ ಸಾಮಾನ್ಯ ಟಯರಿನಲ್ಲಿ ಈ ಒಂದು ಭಾಗದಲ್ಲೇ ಏಳು ಸಲ ಪಂಕ್ಚರ್ ಆಗಿತ್ತು, ಎರಡನೆಯ ವರ್ಷ ಒಂದೂ ಆಗಲಿಲ್ಲ. ಕೊಪ್ಪಳದಲ್ಲಿ ರಾತ್ರಿ ಕೂತು ಚಿಮುಟದಿಂದ ಟಯರಿನ ಮುಳ್ಳು ಕಿತ್ತಾಗ ಹನ್ನೊಂದು ಸಿಕ್ಕವು. ಆದರೆ ನನ್ನ ಅಳತೆಯ ಟಯರು ಒಂದೊಂದೂ 900 ಗ್ರಾಂ ಆಸುಪಾಸು ತೂಗುತ್ತದೆ. ಚಕ್ರದ ಅಂಚಿನಲ್ಲಿರುವ ತೂಕ ಕಾಲಿಗೆ ಬೇಗ ಗೊತ್ತಾಗುತ್ತದೆ. ಆಗುಂಬೆ ಹತ್ತುವಾಗ ಪ್ರತಿ ತಿರುವಿನಲ್ಲೂ ಗೊತ್ತಾಯಿತು. ಮುಳ್ಳಿಲ್ಲದ ಕರಾವಳಿಯಲ್ಲಷ್ಟೇ ಓಡಾಡುವವರಿಗೆ ಇದು ಬರಿಯ ಹೊರೆ. ರಿಮ್ಮಿಗೆ ಏರಿಸುವುದೂ ಸುಲಭವಲ್ಲ, ಹೊಸ ಟಯರನ್ನು ಏರಿಸುವಾಗ ನನ್ನ ಹೆಬ್ಬೆರಳ ಚರ್ಮ ಕಿತ್ತುಬಂತು. ಊರಲ್ಲೇ ಒಂದೆರಡು ಸಲ ಬಿಚ್ಚಿ ಹಾಕಿ ಅಭ್ಯಾಸ ಮಾಡಿಕೊಂಡು ಹೊರಡಬೇಕು.

ಟಯರಿನ ಅಳತೆಯ ವಿಷಯವನ್ನು ಪ್ರಾಯೋಜಕರಿಗೆ ಬರೆಯುವವರು ಬಹಳ ಎಚ್ಚರಿಕೆಯಿಂದ ನೋಡಬೇಕು. ನಮ್ಮ ತಾಲ್ಲೂಕು ಪಟ್ಟಣಗಳ ಸೈಕಲ್ ಶಾಪುಗಳಲ್ಲಿ ಸಿಗುವ ಹಳೆಯ ಕಪ್ಪು ಸೈಕಲ್ಲಿನ 28 ಇಂಚಿನ ಟಯರು 635 ಮಿ.ಮೀ. ವ್ಯಾಸದ ರಿಮ್ಮಿಗೆ ಸಲ್ಲುವಂಥದ್ದು. ಪ್ರವಾಸದ ಸೈಕಲ್ಲಿನ 700ಸಿ ಟಯರು 622 ಮಿ.ಮೀ. ರಿಮ್ಮಿಗೆ. ಇದಕ್ಕೂ ಕೆಲವೊಮ್ಮೆ 28 ಇಂಚು ಎಂದೇ ಬರೆದಿರುತ್ತಾರೆ, ಆದರೆ ಒಂದು ಇನ್ನೊಂದಕ್ಕೆ ಕೂರುವುದಿಲ್ಲ. ಟಯರಿನ ಪಕ್ಕದಲ್ಲಿ 37-622 ಎಂಬಂತೆ (ಮೊದಲನೆಯದು ಟಯರಿನ ಅಗಲ, ಎರಡನೆಯದು ರಿಮ್ಮಿನ ವ್ಯಾಸ) ಅಚ್ಚೊತ್ತಿರುವ ಸಂಖ್ಯೆಯನ್ನೇ ಪತ್ರದಲ್ಲಿ ಬರೆಯಬೇಕು, ಇಂಚಿನ ಲೆಕ್ಕವನ್ನು ಬರೆಯಬಾರದು.

ಬ್ರೂಕ್ಸ್ ಸೀಟಿನ ಬಗ್ಗೆ ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ, ಏಕೆಂದರೆ ಸೀಟು ಅವರವರ ಮೂಳೆಗೆ ಸಂಬಂಧಿಸಿದ್ದು. 1866ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಶುರುವಾದ ಕಂಪನಿಯ ಈ ಸೀಟಿನಲ್ಲಿ ಮೆತ್ತೆಯೇ ಇಲ್ಲ. ದಪ್ಪ ಚರ್ಮವನ್ನು ಉಕ್ಕಿನ ಕಂಬಿಗಳ ಮೇಲೆ ಜೋಲಿಯಂತೆ ಎಳೆದು ಕಟ್ಟಿದ್ದಾರೆ. ಹೊಸ ಎಕ್ಕಡದಂತೆ ಮೊದಮೊದಲು ಕಚ್ಚುತ್ತದೆ, ಕೆಲವು ನೂರು ಕಿಲೋಮೀಟರ್ ಕಳೆದ ಮೇಲೆ ಕೂರುವವರ ಮೈಗೆ ತಕ್ಕಂತೆ ತಗ್ಗು ಬೀಳುತ್ತದೆ. ನನಗೆ ಗದಗದಲ್ಲಿ ನೋವು ನಿಂತಿತು. ಮಳೆಯಲ್ಲಿ ನೆನೆದ ಚರ್ಮದ ಮೇಲೆ ಕೂತು ತುಳಿದರೆ ಅದು ಹಿಗ್ಗಿ ಕೆಡುತ್ತದೆ, ಆದ್ದರಿಂದ ಹೊದಿಕೆ ಇಲ್ಲದೆ ಮಲೆನಾಡಿಗೆ ಹೋಗಬಾರದು. ಮನೆಯಲ್ಲಿಟ್ಟಾಗ ಬೂಸಲು ಹಿಡಿಯದಂತೆ ಒರೆಸಿ, ಅದಕ್ಕೆಂದೇ ಮಾರುವ ಮೇಣವನ್ನು ಹಚ್ಚಬೇಕು. ಇಷ್ಟು ಆರೈಕೆಗೆ ತಾಳ್ಮೆಯಿಲ್ಲದವರು ಬೇರೆ ಸೀಟನ್ನು ನೋಡುವುದು ಮೇಲು.

ಈ ಎರಡು ಪಯಣಗಳಿಂದ ನಾನು ತಲುಪಿದ ನಿರ್ಧಾರವನ್ನು ಹೇಳುವ ಮೊದಲು ಒಬ್ಬ ಹೆಣ್ಣುಮಗಳನ್ನು ನೆನೆಯಬೇಕು. 1894ರಲ್ಲಿ ಬೋಸ್ಟನ್ ನಗರದಿಂದ ಸೈಕಲ್ಲಿನೊಂದಿಗೆ ಲೋಕ ಸುತ್ತಲು ಹೊರಟ, ಮೂರು ಮಕ್ಕಳ ತಾಯಿ ಆ್ಯನಿ ಕೊಪ್ಚೋವ್‌ಸ್ಕಿ. ಆಕೆಗೆ 100 ಡಾಲರ್ ಕೊಟ್ಟು ತನ್ನ ಫಲಕವನ್ನು ಸೈಕಲ್ಲಿಗೆ ಕಟ್ಟಿಸಿದ್ದು ಲಂಡನ್‌ಡೆರ‍್ರಿ ಎಂಬ ನೀರು ಮಾರುವ ಕಂಪನಿ. ಆ ಕಂಪನಿಯ ಹೆಸರನ್ನೇ ತನ್ನ ಹೆಸರಾಗಿಸಿಕೊಂಡು ಆಕೆ ಆ್ಯನಿ ಲಂಡನ್‌ಡೆರ‍್ರಿ ಎಂದೇ ಪ್ರಸಿದ್ಧಳಾದಳು. ಹೊರಡುವಾಗ ಆಕೆಯ ಬಳಿ ಇದ್ದದ್ದು 42 ಪೌಂಡ್, ಅಂದರೆ ಸುಮಾರು 19 ಕಿಲೋ ತೂಕದ ಕೊಲಂಬಿಯಾ ಸೈಕಲ್ಲು. ಷಿಕಾಗೋ ತಲುಪುವಷ್ಟರಲ್ಲಿ ಅದು ಆಗದ ಮಾತೆಂದು ತಿಳಿದು, ಅದರ ಅರ್ಧ ತೂಕದ ಸ್ಟರ್ಲಿಂಗ್ ಸೈಕಲ್ಲಿಗೆ ಬದಲಾಯಿಸಿಕೊಂಡು 1895ರಲ್ಲಿ ಪಯಣ ಮುಗಿಸಿದಳು. ಪ್ರಾಯೋಜಕರು ನೀರಿನವರಾಗಿದ್ದರಿಂದ ಆಕೆ ಯಾವ ಸೈಕಲ್ಲು ತುಳಿದರೂ ಅವರಿಗೆ ನಷ್ಟವಿರಲಿಲ್ಲ. ಸೈಕಲ್ಲಿನ ಕಂಪನಿಯೇ ಹಣ ಕೊಟ್ಟಿದ್ದರೆ ಅಷ್ಟು ಸುಲಭವಾಗಿ ಬದಲಾಯಿಸಲು ಆಗುತ್ತಿತ್ತೇ ಎಂದು ನಾನು ಮತ್ತೆ ಮತ್ತೆ ಯೋಚಿಸಿದ್ದೇನೆ.

ನಮ್ಮೂರಿನ ಕಾಫಿಪುಡಿ ಅಂಗಡಿಯವರ ಪ್ರಾಯೋಜನೆಯೂ ಅಂಥದ್ದೇ. ಅವರು 15,000 ರೂಪಾಯಿ ಕೊಟ್ಟರು. ಪ್ರತಿಯಾಗಿ ಏನು ಮಾಡಬೇಕೆಂದು ಕೇಳಿದಾಗ, "ಹಿಂದೆ ಒಂದು ಸಣ್ಣ ಬೋರ್ಡು ಕಟ್ಕೊಳ್ಳಿ ಮೇಷ್ಟ್ರೇ, ಗಾಳಿಗೆ ಹಾರಿಹೋಗದ ಹಾಗೆ ನೋಡ್ಕೊಳ್ಳಿ, ಸಾಕು" ಎಂದರು. ಆ ಹಣದಿಂದಲೇ ಊಟ, ತಂಗುವ ಖರ್ಚು ನಡೆಯಿತು. ಯಾವ ಟಯರು ಹಾಕಬೇಕು, ಯಾವ ಚೀಲ ಹೊರಬೇಕು ಎಂಬುದರಲ್ಲಿ ಅವರ ಮಾತಿರಲಿಲ್ಲ. ಎರಡನೆಯ ವರ್ಷವೂ ಅವರೇ ಕೊಟ್ಟರು.

ಆದ್ದರಿಂದ ದೂರದ ಪಯಣಕ್ಕೆ ಪ್ರಾಯೋಜಕರನ್ನು ಹುಡುಕುವವರು ಸಲಕರಣೆ ತಯಾರಿಸದವರ ಬಾಗಿಲನ್ನೇ ಮೊದಲು ತಟ್ಟಬೇಕೆಂದು ನನ್ನ ದೃಢವಾದ ಅಭಿಪ್ರಾಯ. ಊರಿನ ಅಂಗಡಿ, ಹೋಟೆಲು, ಸಹಕಾರ ಸಂಘ, ಹಳೆಯ ವಿದ್ಯಾರ್ಥಿಗಳ ಬಳಗ, ಇವರಿಂದ ಬರುವ ಹಣ ಸಣ್ಣದಾದರೂ ಕಟ್ಟುಪಾಡಿಲ್ಲದ ಹಣ. ಮೈಯ ಭಾರ ಹೊರುವ ಸೀಟು, ಟಯರು, ಬ್ರೇಕಿನ ರಬ್ಬರುಗಳು, ಚೀಲದ ಕೊಕ್ಕೆ, ಇವುಗಳನ್ನು ಸ್ವಂತ ಹಣದಿಂದ ಕೊಳ್ಳಬೇಕು. ಸಲಕರಣೆ ಕಂಪನಿಗಳನ್ನು ಕೇಳುವುದೇ ಆದರೆ ದೀಪ, ಗಾಳಿ ಹೊಡೆಯುವ ಪಂಪು, ಡೇರೆ, ಮಳೆ ಅಂಗಿಗಳಂಥ, ಕೆಟ್ಟರೂ ಮುಂದಿನ ಊರಿನಲ್ಲಿ ಬದಲಿ ಸಿಗುವ ಅಥವಾ ಒಂದು ರಾತ್ರಿ ಸಹಿಸಬಹುದಾದ ವಸ್ತುಗಳನ್ನು ಕೇಳಬೇಕು. ಅದನ್ನೂ ದಾನವಾಗಿ ಕೇಳದೆ ಎರವಲಾಗಿ ಕೇಳಬೇಕು. ಬಳಸಿ, ಎಲ್ಲಿ ಸವೆಯಿತು, ಎಷ್ಟು ಕಿಲೋಮೀಟರಿಗೆ ಸವೆಯಿತು ಎಂಬ ಲಿಖಿತ ವರದಿಯೊಂದಿಗೆ ಹಿಂದಿರುಗಿಸುತ್ತೇನೆಂದು ಬರೆದರೆ, ಒಳ್ಳೆಯ ತಯಾರಕರಿಗೆ ಅದು ಹತ್ತು ಚಿತ್ರಗಳಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಪತ್ರದಲ್ಲಿ ದಾರಿ, ತಿಂಗಳು, ದಿನಗಳು, ಬೇಕಾದ ಒಂದೇ ವಸ್ತು, ಅದರ ಅಳತೆ, ಇಷ್ಟಿದ್ದರೆ ಸಾಕು. ಮಾರ್ಚ್ ಕೊನೆಗೆ ಕಂಪನಿಗಳ ಲೆಕ್ಕದ ವರ್ಷ ಮುಗಿಯುವುದರಿಂದ ಜನವರಿಯಲ್ಲೇ ಬರೆಯುವುದು ಅನುಕೂಲ.

ಮೊದಲನೆಯ ವರ್ಷದ ಆ ಚೀಲಗಳನ್ನು ಆರು ತಿಂಗಳ ಗಡುವು ಮುಗಿದ ವಾರವೇ ತೊಳೆದು, ಮುರಿದ ಕೊಕ್ಕೆಯನ್ನು ಒಂದು ಸಣ್ಣ ಕವರಿನಲ್ಲಿ ಹಾಕಿ, ಅರಬೈಲಿನಲ್ಲಿ ನಡೆದದ್ದನ್ನು ಮೂರು ಪುಟಗಳಲ್ಲಿ ಬರೆದು ಕಂಪನಿಗೆ ವಾಪಸು ಕಳಿಸಿದೆ. ಕೊಕ್ಕೆಯನ್ನು ಲೋಹದ್ದಾಗಿ ಬದಲಿಸುವ ಬಗ್ಗೆ ಪರಿಶೀಲಿಸುತ್ತಿದ್ದೇವೆ ಎಂದು ಒಂದು ಸಾಲಿನ ಉತ್ತರ ಬಂದಿದೆ.